ಕುತ್ತಿಗೆಯ ನೀರುಗಂಟಿಗೆ ಸೂಜಿಯ ಚಿಕಿತ್ಸೆ

ಎರಡು ವರ್ಷದ ಹಿಂದಿನ ಎಳ್ಳಮಾವಾಸ್ಯೆಯಂದು ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಬೇವಿನ ಮರದ ನೆರಳಿನಲ್ಲಿ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಭಜ್ಜಿಯ ಊಟಕ್ಕೆ ಕುಳಿತಿದ್ದೆವು. ನಾನು ಅಂಬಲಿಯ ಬಟ್ಟಲನ್ನು ಎತ್ತಿ ಕುಡಿಯುತ್ತಿರುವಾಗ ಎದುರಿಗೆ ಕುಳಿತಿದ್ದ ನಾದಿನಿ ಊಟ ನಿಲ್ಲಿಸಿ, "ವೈನಿ, ನಿಮ್ಮ ಕುತ್ತಿಗ್ಯಾಗ ಏನೋ ಮ್ಯಾಲ ಕೆಳಗ ಆಗ್ಲತ್ತದ ನೋಡ್ರಿ" ಎಂದಳು. ಅವಳು ಹೇಳುವವರೆಗೆ ನನಗೆ ಅದರ ಅರಿವೇ ಇರಲಿಲ್ಲ. ಸಂಜೆ ಕಲಬುರಗಿಯ ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನೀರು ಕುಡಿದಾಗ ಗದ್ದದ ಕೆಳಗೆ, ಗಂಟಲ ಮಣಿಗಿಂತ ತುಸು ಮೇಲೆ, ನಟ್ಟನಡುವೆ ಬಾರೆಹಣ್ಣಿನ ಗಾತ್ರದ ಒಂದು ಗಂಟು ಗುಟುಕಿನೊಂದಿಗೆ ಮೇಲೇರಿ ಮತ್ತೆ ಕೆಳಗಿಳಿಯುವುದು ಕಾಣಿಸಿತು. ಮುಟ್ಟಿದರೆ ನೋವಿರಲಿಲ್ಲ, ಬೆರಳಿಗೆ ಮೆತ್ತಗೆ, ಒಳಗೆ ನೀರು ತುಂಬಿದ ಹಾಗೆ ಇತ್ತು. ಕೊರಳಲ್ಲಿದ್ದ ಗುಂಡಿನ ಸರವನ್ನು ಬಿಗಿ ಮಾಡಿಕೊಂಡರೆ ಅದರ ಅಂಚು ಗಂಟಿಗೆ ತಾಕುತ್ತಿತ್ತು.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ದಿನಕ್ಕೆ ಐದು ತಾಸು ಗಟ್ಟಿಯಾಗಿ ಓದುವುದು, ಓದಿಸುವುದು ನನ್ನ ಕೆಲಸ. ಆದ್ದರಿಂದ ಕುತ್ತಿಗೆಯಲ್ಲಿ ಗಂಟು ಎಂದ ಕೂಡಲೇ ನನಗೆ ಮೊದಲು ಬಂದ ಚಿಂತೆ ನನ್ನ ದನಿಯದು. ಅಂಥ ಗಂಟಿಗೆ ಕೊಯ್ಯದೆಯೂ ಚಿಕಿತ್ಸೆ ಇರಬಹುದು ಎಂಬುದು ನನಗೆ ಎಂಟು ತಿಂಗಳವರೆಗೆ ಗೊತ್ತಾಗಲೇ ಇಲ್ಲ. ಗೊತ್ತಾದ ಮೇಲೆ ಅದು ಯಾರಿಗೆ ಒಪ್ಪುತ್ತದೆ, ಯಾರಿಗೆ ಒಪ್ಪುವುದೇ ಇಲ್ಲ ಎಂಬುದನ್ನೂ ನಮ್ಮ ಮನೆಯಲ್ಲಿಯೇ ಕಂಡೆ. ಇವೆರಡನ್ನೂ ಒಟ್ಟಿಗೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಓದಿದವರಿಗೆ ಅಪಾಯವಾಗುತ್ತದೆ.

ಮೊದಲ ಕೆಲವು ವಾರ ನಾನು ಸುಮ್ಮನಿದ್ದೆ. ಫೆಬ್ರುವರಿಯಲ್ಲಿ ನೆಗಡಿ, ಜ್ವರ ಬಂದಾಗ ಗಂಟು ಕೆಂಪಾಗಿ ಊದಿಕೊಂಡು ನುಂಗುವುದೇ ಕಷ್ಟವಾಯಿತು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಕೊಟ್ಟರು, ಬಾವು ಇಳಿಯಿತು. ಅದು ಸರಿಯಾದ ಚಿಕಿತ್ಸೆಯೇ ಆಗಿತ್ತು. ಆದರೆ ಹದಿನೈದು ದಿನದ ನಂತರ ಅಲ್ಲಿಯೇ, ಸ್ಕ್ಯಾನ್ ಮಾಡಿಸದೆ, ಸಿರಿಂಜಿನಿಂದ ಒಳಗಿನ ನೀರನ್ನು ಎಳೆದು ನನ್ನ ಕಣ್ಣೆದುರಿಗೇ ಕಸದ ಬುಟ್ಟಿಗೆ ಹಾಕಿದರು. "ನೀರು ಹೋಯ್ತಲ್ಲ ಟೀಚರ್, ಇನ್ನೇನದ" ಎಂಬ ಮಾತಿಗೆ ನಾನೂ ತಲೆಯಾಡಿಸಿ ಬಂದೆ. ಮೂರು ವಾರದಲ್ಲಿ ಗಂಟು ಮೊದಲಿನ ಗಾತ್ರಕ್ಕೆ ಮರಳಿತು. ಅದು ಮರಳಿದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ, ಏಕೆಂದರೆ ಅದು ಮರಳುವುದು ಸಹಜ. ಆ ನೀರನ್ನು ಪರೀಕ್ಷೆಗೆ ಕಳಿಸದೆ ಚೆಲ್ಲಿದ್ದಕ್ಕೆ ಮಾತ್ರ ಬೇಸರವಿದೆ. ಕುತ್ತಿಗೆಯ ಗಂಟಿನಿಂದ ತೆಗೆದ ಒಂದು ಹನಿಯಾದರೂ ಪ್ರಯೋಗಾಲಯಕ್ಕೆ ಹೋಗಬೇಕು ಎಂಬುದು ಈ ಇಡೀ ವಿಷಯದ ಮೊದಲ ಪಾಠವೆಂದು ನನಗೆ ಆಮೇಲೆ ತಿಳಿಯಿತು.

ಈ ನಡುವೆ ಮನೆಗೆ ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಒಬ್ಬರು ಸೊಪ್ಪು ಅರೆದು ಕಟ್ಟಲು ಹೇಳಿದರು, ಇನ್ನೊಬ್ಬರು ಬರೆ ಹಾಕಿಸಲು ಹೇಳಿದರು. ನಮ್ಮ ಅತ್ತೆಯವರು ಒಂದೇ ಮಾತನ್ನು ದಿನವೂ ಹೇಳುತ್ತಿದ್ದರು: "ಕುತ್ತಿಗಿಗಿ ಚಾಕು ಹಚ್ಚೂದು ಬ್ಯಾಡವ್ವ." ಆ ಭಯವನ್ನು ನಾನು ಅಜ್ಞಾನ ಎಂದು ತಳ್ಳಿಹಾಕುವುದಿಲ್ಲ. ಕುತ್ತಿಗೆಯ ಒಂದು ಗೇಣು ಜಾಗದಲ್ಲಿ ಉಸಿರಿನ ದಾರಿ, ಅನ್ನದ ದಾರಿ, ಮಿದುಳಿಗೆ ಹೋಗುವ ರಕ್ತನಾಳ, ದನಿಯ ನರ, ನಾಲಿಗೆಯ ನರ ಎಲ್ಲವೂ ಒತ್ತೊತ್ತಾಗಿ ಇವೆ. ಅಲ್ಲಿ ಕೊಯ್ಯುವುದೆಂದರೆ ಹಿರಿಯರಿಗೆ ಅಂಜಿಕೆಯಾಗುವುದು ನ್ಯಾಯವೇ.

ಕೊನೆಗೆ ಕಲಬುರಗಿಯಲ್ಲಿಯೇ ಒಬ್ಬ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಕಂಡೆ. ಅವರು ಮಾಡಿದ ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಕಾಗಲಿಲ್ಲ. ಗಂಟಿನ ಮೇಲೆ ಎರಡು ಬೆರಳಿಟ್ಟು, "ಬಾಯಿ ತೆರೆದು ನಾಲಿಗೆ ಪೂರ್ತಿ ಹೊರಗೆ ಚಾಚಿರಿ" ಎಂದರು. ನಾಲಿಗೆ ಹೊರಬಂದಂತೆ ಗಂಟು ಅವರ ಬೆರಳಿನ ಕೆಳಗೆ ಮೇಲಕ್ಕೆ ಸರಿಯಿತು. ನುಂಗಿದಾಗ ಏರುವ ಗಂಟು ಥೈರಾಯ್ಡ್ ಗ್ರಂಥಿಯದೂ ಆಗಿರಬಹುದು. ನಾಲಿಗೆ ಚಾಚಿದಾಗಲೂ ಏರುವ ಗಂಟು ಹೆಚ್ಚಾಗಿ ಥೈರೋಗ್ಲಾಸಲ್ ಸಿಸ್ಟ್, ಅಂದರೆ ಹುಟ್ಟಿಗಿಂತ ಮೊದಲೇ ಮುಚ್ಚಬೇಕಾಗಿದ್ದ ಒಂದು ಕೊಳವೆ ಮುಚ್ಚದೆ ಉಳಿದು ಅದರಲ್ಲಿ ನೀರು ತುಂಬಿದ ಗಂಟು ಎಂದು ಅವರು ಹೇಳಿದರು.

ಈ ಕೊಳವೆಯ ಕಥೆಯನ್ನು ನಾನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ಚಿಕಿತ್ಸೆಯ ತರ್ಕವೆಲ್ಲ ಇದರಲ್ಲಿಯೇ ಇದೆ. ಥೈರಾಯ್ಡ್ ಗ್ರಂಥಿ ಹುಟ್ಟುವುದು ಈಗ ಇರುವ ಜಾಗದಲ್ಲಿ ಅಲ್ಲ. ಬಸಿರಿನ ನಾಲ್ಕನೆಯ ವಾರದ ಸುಮಾರಿಗೆ ನಾಲಿಗೆಯ ಬುಡದಲ್ಲಿ ಒಂದು ಮೊಳಕೆಯಂತೆ ಅದು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಕುತ್ತಿಗೆಯ ನಡುಗೆರೆಯಲ್ಲಿಯೇ ಇಳಿದು ಏಳನೆಯ ವಾರದ ಹೊತ್ತಿಗೆ ಉಸಿರುನಾಳದ ಮುಂದೆ ಬಂದು ನೆಲೆಸುತ್ತದೆ. ಇಳಿದ ದಾರಿಯುದ್ದಕ್ಕೂ ತನ್ನ ಹಿಂದೆ ಒಂದು ಸಣ್ಣ ಕೊಳವೆಯನ್ನು ಬಿಟ್ಟು ಬಂದಿರುತ್ತದೆ. ಸಾಮಾನ್ಯವಾಗಿ ಹತ್ತನೆಯ ವಾರದ ಹೊತ್ತಿಗೆ ಆ ಕೊಳವೆ ಕರಗಿ ಹೋಗುತ್ತದೆ. ಕೆಲವರಲ್ಲಿ ಅದರ ಒಂದು ತುಂಡು ಉಳಿದುಬಿಡುತ್ತದೆ. ಅದರ ಒಳಪದರ ನೀರನ್ನು ಸ್ರವಿಸುತ್ತಲೇ ಇರುತ್ತದೆ. ಎಂದೋ ಒಂದು ನೆಗಡಿ, ಗಂಟಲುನೋವಿನ ಸಮಯದಲ್ಲಿ ಅದು ಉಬ್ಬಿ ಹೊರಗೆ ಕಾಣುತ್ತದೆ. ಮಕ್ಕಳಲ್ಲಿಯೇ ಹೆಚ್ಚು ಕಾಣಿಸಿದರೂ ದೊಡ್ಡವರಲ್ಲಿಯೂ ಅಪರೂಪವಲ್ಲ. ಈ ಕೊಳವೆ ಗದ್ದದ ಕೆಳಗಿರುವ ಹಯಾಯ್ಡ್ ಎಂಬ ಕುದುರೆ ಲಾಳದಾಕಾರದ ಚಿಕ್ಕ ಮೂಳೆಗೆ ಅಂಟಿಕೊಂಡು, ಕೆಲವೊಮ್ಮೆ ಅದರೊಳಗಿಂದಲೇ ಹಾದುಹೋಗುತ್ತದೆ. ಆದ್ದರಿಂದ ಹಿಂದೆ ಗಂಟನ್ನಷ್ಟೇ ಕತ್ತರಿಸಿ ತೆಗೆದಾಗ ಅದು ಬಹಳ ಜನರಲ್ಲಿ ಮತ್ತೆ ಮತ್ತೆ ಬರುತ್ತಿತ್ತು. 1920ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವಾಲ್ಟರ್ ಸಿಸ್ಟ್ರಂಕ್ ಎಂಬ ಶಸ್ತ್ರವೈದ್ಯರು ಗಂಟಿನೊಂದಿಗೆ ಹಯಾಯ್ಡ್ ಮೂಳೆಯ ನಡುಭಾಗವನ್ನೂ, ಅಲ್ಲಿಂದ ನಾಲಿಗೆಯ ಬುಡದವರೆಗಿನ ಮಾಂಸದ ಎಳೆಯನ್ನೂ ಸೇರಿಸಿ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಅದಾದ ಮೇಲೆ ಮರಳಿ ಬರುವುದು ಬಹಳ ಕಡಿಮೆಯಾಯಿತು. ನೂರು ವರ್ಷ ಕಳೆದರೂ ಆ ಶಸ್ತ್ರಚಿಕಿತ್ಸೆ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಈ ಗಂಟಿಗೆ ಇಂದಿಗೂ ಅದೇ ಮುಖ್ಯ ಚಿಕಿತ್ಸೆ.

ವೈದ್ಯರು ಅಲ್ಟ್ರಾಸೌಂಡ್ ಸ್ಕ್ಯಾನಿಗೆ ಕಳಿಸುವಾಗ ಚೀಟಿಯಲ್ಲಿ ಗಂಟಿನ ಬಗ್ಗೆ ಮಾತ್ರವಲ್ಲ, ಥೈರಾಯ್ಡ್ ಗ್ರಂಥಿ ತನ್ನ ಜಾಗದಲ್ಲಿದೆಯೇ ಎಂದು ನೋಡುವಂತೆಯೂ ಬರೆದರು. ಏಕೆ ಎಂದು ಕೇಳಿದೆ. ಕೆಲವೇ ಕೆಲವರಲ್ಲಿ ಥೈರಾಯ್ಡ್ ಕೆಳಗಿಳಿಯದೆ ದಾರಿಯಲ್ಲಿಯೇ ನಿಂತಿರುತ್ತದೆ, ಗಂಟೆಂದು ತೋರುವುದೇ ಅವರ ಇಡೀ ಥೈರಾಯ್ಡ್ ಆಗಿರುತ್ತದೆ, ಅದನ್ನು ತೆಗೆದರೆ ಜೀವನವಿಡೀ ಗುಳಿಗೆ ನುಂಗಬೇಕಾಗುತ್ತದೆ ಎಂದರು. ಹತ್ತು ನಿಮಿಷದ ಒಂದು ಸ್ಕ್ಯಾನ್ ಇಷ್ಟು ದೊಡ್ಡ ತಪ್ಪನ್ನು ತಡೆಯಬಲ್ಲದು ಎಂದು ತಿಳಿದಾಗ, ಸ್ಕ್ಯಾನಿಲ್ಲದೆ ನನ್ನ ಕುತ್ತಿಗೆಗೆ ಚುಚ್ಚಿಸಿಕೊಂಡಿದ್ದನ್ನು ನೆನೆದು ಮೈ ಜುಮ್ಮೆಂದಿತು. ನನ್ನ ಗ್ರಂಥಿ ಸರಿಯಾದ ಜಾಗದಲ್ಲಿತ್ತು. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆಯೂ ಸರಿ ಇತ್ತು. ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ನೋಡುವ ಎಫ್‌ಎನ್‌ಎಸಿ ಪರೀಕ್ಷೆಯಲ್ಲಿ ಅನುಮಾನಕ್ಕೆ ಎಡೆಯಾಗುವಂಥದ್ದು ಏನೂ ಸಿಗಲಿಲ್ಲ. ಈ ಕೊಳವೆಯ ಗಂಟುಗಳಲ್ಲಿ ಸುಮಾರು ನೂರಕ್ಕೆ ಒಂದರಲ್ಲಿ ಕ್ಯಾನ್ಸರ್ ಅಡಗಿರುತ್ತದೆಯಂತೆ; ಆದ್ದರಿಂದ ಒಳಗೋಡೆಯಲ್ಲಿ ಗಟ್ಟಿ ಭಾಗ ಅಥವಾ ಸುಣ್ಣದ ಚುಕ್ಕೆಗಳಿವೆಯೇ ಎಂದು ರೇಡಿಯಾಲಜಿಸ್ಟರು ಎರಡು ಸಲ ನೋಡಿದರು. ಇರಲಿಲ್ಲ.

ಸಿಸ್ಟ್ರಂಕ್ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಹಂತದಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ: "ಸರ್, ಇದನ್ನು ಕೊಯ್ಯದೆ ಬತ್ತಿಸಲು ಆಗುವುದಿಲ್ಲವೇ?" ಕೇಳಿದ್ದಕ್ಕೆ ಅವರು ಸಿಟ್ಟಾಗಲಿಲ್ಲ. ಪೆನ್ನು ಕೆಳಗಿಟ್ಟು, "ಆಗುತ್ತದೆ, ಆದರೆ ಶಸ್ತ್ರಚಿಕಿತ್ಸೆಯಷ್ಟು ಖಾತರಿಯಿಲ್ಲ. ಕೊಳವೆ ಒಳಗೆ ಉಳಿಯುತ್ತದೆ. ಒಂದೇ ಸಲಕ್ಕೆ ಮುಗಿಯದೆಯೂ ಇರಬಹುದು" ಎಂದು ಶುರುಮಾಡಿ ಅರ್ಧ ತಾಸು ವಿವರಿಸಿದರು. ಕಾಯುವ ಕೋಣೆಯಲ್ಲಿ ಮೂವತ್ತು ಜನ ಕುಳಿತಿದ್ದ ಒಂದು ಮಧ್ಯಾಹ್ನ ಅವರು ಕೊಟ್ಟ ಆ ಅರ್ಧ ತಾಸಿಗೆ ನಾನು ಋಣಿ. ಕೇಳದಿದ್ದರೆ ಹೇಳುತ್ತಿದ್ದರೋ ಇಲ್ಲವೋ ಎಂಬುದು ಮಾತ್ರ ನನ್ನನ್ನು ಇನ್ನೂ ಕಾಡುತ್ತದೆ. ಕೇಳುವ ಧೈರ್ಯ ನನಗೆ ಬಂದದ್ದು ನಾನು ಓದು ಬಲ್ಲವಳಾದ್ದರಿಂದ. ಅಫಜಲಪುರದಿಂದಲೋ ಚಿಂಚೋಳಿಯಿಂದಲೋ ಬೆಳಗಿನ ಬಸ್ಸು ಹಿಡಿದು ಬಂದು, ಸಂಜೆಯ ಬಸ್ಸು ತಪ್ಪಬಾರದೆಂದು ಗಡಿಯಾರ ನೋಡುತ್ತ ಕುಳಿತ ಹೆಣ್ಣುಮಗಳು ಹಾಗೆ ಕೇಳುವುದಿಲ್ಲ.

ಅವರು ಹೇಳಿದ್ದರ ತಿರುಳು ಹೀಗಿದೆ. ಬಾವಿಯ ನೀರನ್ನು ಎಷ್ಟು ಮೊಗೆದರೂ ಸೆಲೆ ಇರುವವರೆಗೆ ನೀರು ಬರುತ್ತಲೇ ಇರುವಂತೆ, ನೀರುಗಂಟಿನ ಒಳಪದರ ಜೀವಂತವಾಗಿರುವವರೆಗೆ ಅದು ಮತ್ತೆ ತುಂಬುತ್ತದೆ. ಥೈರಾಯ್ಡ್ ಗ್ರಂಥಿಯೊಳಗಿನ ನೀರುಗಂಟುಗಳನ್ನು ಬರೀ ಹೀರಿ ಬಿಟ್ಟರೆ 60ರಿಂದ 90 ಶೇಕಡದಷ್ಟು ಮರಳಿ ತುಂಬುತ್ತವೆ ಎಂಬ ಲೆಕ್ಕವಿದೆ. ಆದ್ದರಿಂದ ನೀರನ್ನು ತೆಗೆದ ಮೇಲೆ ಆ ಪದರವನ್ನೇ ಸುಟ್ಟು, ಗೋಡೆಗೆ ಗೋಡೆ ಅಂಟಿಕೊಳ್ಳುವಂತೆ ಮಾಡುವ ಔಷಧವನ್ನು ಒಳಗೆ ಬಿಡುತ್ತಾರೆ. ಇದಕ್ಕೆ ಸ್ಕ್ಲೆರೋಥೆರಪಿ ಎನ್ನುತ್ತಾರೆ. ಹೆಚ್ಚಾಗಿ ಬಳಸುವ ಔಷಧ 95 ಶೇಕಡಕ್ಕಿಂತ ಹೆಚ್ಚು ಸಾಂದ್ರತೆಯ ಎಥನಾಲ್, ಅಂದರೆ ಶುದ್ಧ ಆಲ್ಕೋಹಾಲ್. ಅದು ಜೀವಕೋಶದ ನೀರನ್ನು ಹೀರಿ, ಅದರ ಪ್ರೋಟೀನನ್ನು ಮೊಟ್ಟೆಯ ಬಿಳಿಭಾಗ ಬೆಂದಂತೆ ಗಟ್ಟಿಯಾಗಿಸಿ, ಗೋಡೆಯ ಸಣ್ಣ ರಕ್ತನಾಳಗಳನ್ನು ಮುಚ್ಚಿಬಿಡುತ್ತದೆ. ಆಮೇಲೆ ತಿಂಗಳುಗಟ್ಟಲೆ ದೇಹವೇ ಆ ಜಾಗವನ್ನು ಕಲೆಯಂತೆ ಕುಗ್ಗಿಸುತ್ತದೆ. ಥೈರೋಗ್ಲಾಸಲ್ ಗಂಟಿಗೂ, ಕುತ್ತಿಗೆಯ ಪಕ್ಕದಲ್ಲಿ ಬರುವ ಬ್ರಾಂಕಿಯಲ್ ಸಿಸ್ಟಿಗೂ ಎಥನಾಲ್ ಬಳಸಿದ ವರದಿ ಜಪಾನಿನಿಂದ 1994ರಲ್ಲಿಯೇ ಬಂದಿತ್ತು. ಆಮೇಲೆ ದಕ್ಷಿಣ ಕೊರಿಯಾದ ವೈದ್ಯರು ಅದನ್ನು ಅಲ್ಟ್ರಾಸೌಂಡಿನ ನೆರವಿನಿಂದ ಬೆಳೆಸಿದರು.

ಅಪಾಯಗಳನ್ನೂ ಅವರು ಮುಚ್ಚಿಡಲಿಲ್ಲ. ಎಥನಾಲ್ ಗಂಟಿನ ಹೊರಗೆ ಸೋರಿದರೆ ವಿಪರೀತ ಉರಿಯಾಗುತ್ತದೆ, ಹತ್ತಿರದ ನರಕ್ಕೆ ತಾಕಿದರೆ ದನಿ ಒಡೆಯಬಹುದು. ಹಾಗೆ ಒಡೆದ ದನಿ ಹೆಚ್ಚಿನವರಲ್ಲಿ ದಿನಗಳು ಅಥವಾ ತಿಂಗಳುಗಳಲ್ಲಿ ಮರಳುತ್ತದೆ. ಶಸ್ತ್ರಚಿಕಿತ್ಸೆಗೂ ತನ್ನ ಅಪಾಯಗಳಿವೆ: ಪೂರ್ಣ ಅರಿವಳಿಕೆ, ಗಾಯದ ಸೋಂಕು, ರಕ್ತಸ್ರಾವ, ಕುತ್ತಿಗೆಯ ಮೇಲೆ ಉಳಿಯುವ ಕಲೆ, ಅಪರೂಪಕ್ಕೆ ನರದ ಪೆಟ್ಟು. ನಾನು ಒಂದು ವಾರ ಎರಡನ್ನೂ ತೂಗಿದೆ. ಸೋತರೂ ಮುಂದೆ ಶಸ್ತ್ರಚಿಕಿತ್ಸೆಯ ದಾರಿ ತೆರೆದಿರುತ್ತದೆ ಎಂಬ ಒಂದೇ ಕಾರಣ ನನ್ನ ಮನಸ್ಸನ್ನು ಸೂಜಿಯ ಕಡೆಗೆ ವಾಲಿಸಿತು.

ಅವರು ಹೈದರಾಬಾದಿನ ಒಬ್ಬ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟರಿಗೆ, ಅಂದರೆ ಸ್ಕ್ಯಾನ್ ನೋಡುತ್ತ ಸೂಜಿಯಿಂದ ಚಿಕಿತ್ಸೆ ಮಾಡುವ ವೈದ್ಯರಿಗೆ, ಪತ್ರ ಬರೆದುಕೊಟ್ಟರು. ಬೆಳಗಿನ ರೈಲು ಹತ್ತಿ ವಾಡಿ, ಸೇಡಂ, ತಾಂಡೂರು ದಾಟಿ ಮಧ್ಯಾಹ್ನಕ್ಕೆ ಅಲ್ಲಿದ್ದೆ. ಅದು ಆಪರೇಷನ್ ಥಿಯೇಟರ್ ಆಗಿರಲಿಲ್ಲ. ಮಂಚ, ಸ್ಕ್ಯಾನಿಂಗ್ ಯಂತ್ರ, ಒಂದು ಟ್ರೇ ಇರುವ ಸಣ್ಣ ಕೋಣೆ. ಭುಜದ ಕೆಳಗೆ ದಿಂಬಿಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಿ ಮಲಗಿಸಿದರು. ಚರ್ಮ ಜೋಮು ಹಿಡಿಯುವ ಚುಚ್ಚುಮದ್ದು ಕೊಟ್ಟು, ನುಂಗಬಾರದು, ಮಾತಾಡಬಾರದು, ನೋವಾದರೆ ಎಡಗೈ ಎತ್ತಬೇಕು ಎಂದರು. ಪರದೆಯನ್ನು ನನಗೂ ಕಾಣುವಂತೆ ತಿರುಗಿಸಿದ್ದರು. ಬೂದು ಬಣ್ಣದ ನಡುವೆ ಗಂಟು ಒಂದು ಕಪ್ಪು ಕೊಳದಂತೆ ಕಾಣುತ್ತಿತ್ತು. ಪಕ್ಕದಿಂದ ಬೆಳ್ಳನೆಯ ಗೆರೆಯೊಂದು ನಿಧಾನವಾಗಿ ಬಂದು ಆ ಕೊಳದ ದಂಡೆಯನ್ನು ಒತ್ತಿ, ದಂಡೆ ಒಂದು ಕ್ಷಣ ಒಳಕ್ಕೆ ಬಾಗಿ, ಆಮೇಲೆ ಸಟ್ಟನೆ ದಾರಿ ಬಿಟ್ಟಿತು. ಸೂಜಿಯ ತುದಿ ಒಳಗಿತ್ತು.

ನೀರು ಸುಲಭವಾಗಿ ಬರಲಿಲ್ಲ. ಕಾಕವಿಯನ್ನು ತುಸು ನೀರಿನಲ್ಲಿ ಕಲಸಿದಂತಿದ್ದ ಆ ದ್ರವ ದಪ್ಪ ಸೂಜಿಯಲ್ಲಿಯೂ ತಡೆತಡೆದು ಸಿರಿಂಜಿಗೆ ಇಳಿಯಿತು. ಒಟ್ಟು ಏಳು ಎಂ.ಎಲ್. ಅದನ್ನು ಎರಡು ಸೀಸೆಗಳಿಗೆ ತುಂಬಿ, ನನ್ನ ಹೆಸರಿನ ಚೀಟಿ ಅಂಟಿಸಿ ಪ್ರಯೋಗಾಲಯಕ್ಕೆ ಕಳಿಸಿದ್ದನ್ನು ಮಲಗಿದಲ್ಲಿಂದಲೇ ಕಂಡೆ, ನನಗೆ ಗಂಟಲು ಕಟ್ಟಿತು. ಬಳಿಕ ಸಲೈನ್ ಬಿಟ್ಟು, ಹೀರಿ, ಮತ್ತೆ ಬಿಟ್ಟು, ನೀರು ತಿಳಿಯಾಗುವವರೆಗೆ ತೊಳೆದರು. ಒಳಗೆ ಲೋಳೆ ಉಳಿದರೆ ಎಥನಾಲ್ ಗೋಡೆಯನ್ನು ಮುಟ್ಟುವುದಿಲ್ಲವಂತೆ. ಆಮೇಲೆ ತೆಗೆದ ನೀರಿನ ಸುಮಾರು ಅರ್ಧದಷ್ಟು, ಮೂರೂವರೆ ಎಂ.ಎಲ್. ಎಥನಾಲನ್ನು ಹನಿಹನಿಯಾಗಿ ಬಿಟ್ಟರು. ಪರದೆಯ ಕಪ್ಪಿನಲ್ಲಿ ನೀರಿಗೆ ಹಾಲು ಬಿದ್ದಂತೆ ಬಿಳಿಯ ಸುರುಳಿಗಳು ಹರಡಿದವು. ಮೊದಲ ಕೆಲವು ಕ್ಷಣ ಏನೂ ಅನಿಸಲಿಲ್ಲ. ಆಮೇಲೆ ಹಸಿಮೆಣಸಿನಕಾಯಿ ಅರೆದ ಕೈ ಕಣ್ಣಿಗೆ ತಾಗಿದಂಥ ಉರಿ ಗದ್ದದಿಂದ ಬಲಗಿವಿಯವರೆಗೆ ಏರಿತು. ಸೂಜಿಯನ್ನು ಕದಲಿಸದೆ ಎರಡು ನಿಮಿಷ ಗಡಿಯಾರ ನೋಡಿ, ಎಥನಾಲನ್ನು ಮರಳಿ ಹೀರಿ ತೆಗೆದರು. ಉರಿ ಬಂದಷ್ಟೇ ಬೇಗ ಇಳಿಯಿತು.

ಸೂಜಿ ಹೊರಬಂದ ಮೇಲೆ ವೈದ್ಯರು ಮಾತಾಡಲು ಹೇಳಿದರು. ಬೇರೇನೂ ತೋಚದೆ, "ನೀರು ಬೇಕು" ಎಂದೆ. ಆ ಎರಡು ಶಬ್ದ ನನ್ನದೇ ದನಿಯಲ್ಲಿ, ಒಡಕಿಲ್ಲದೆ ಹೊರಬಂದದ್ದನ್ನು ಕೇಳಿ ಕಣ್ಣು ತುಂಬಿ ಬಂದವು. ಒಂದು ತಾಸು ಐಸ್ ಇಟ್ಟುಕೊಂಡು ಕುಳಿತೆ. ಕುಂಕುಮದ ಬೊಟ್ಟಿನಷ್ಟು ಪಟ್ಟಿ ಹಚ್ಚಿದರು. ರಾತ್ರಿಯ ರೈಲಿಗೆ ಕಲಬುರಗಿಗೆ ಮರಳಿದೆ, ಮೂರನೆಯ ದಿನ ಶಾಲೆಗೆ ಹೋದೆ.

ಅದಾದ ಮೇಲಿನ ದಿನಗಳು ಸರಳವಾಗಿರಲಿಲ್ಲ. ನಾಲ್ಕನೆಯ ದಿನದಿಂದ ಗಂಟು ಮೊದಲಿಗಿಂತಲೂ ದೊಡ್ಡದಾಗಿ, ಗಟ್ಟಿಯಾಗಿ ಊದಿಕೊಂಡಿತು. ಹೀಗಾಗುವುದೆಂದು ಮೊದಲೇ ಹೇಳಿರದಿದ್ದರೆ ಗಾಬರಿಯಿಂದ ಮತ್ತೆಲ್ಲಿಗೋ ಓಡುತ್ತಿದ್ದೆ. ಮೂರನೆಯ ವಾರದಿಂದ ಇಳಿಯತೊಡಗಿತು. ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿದಾಗ ಏಳು ಎಂ.ಎಲ್. ಇದ್ದದ್ದು ಒಂದೂವರೆ ಎಂ.ಎಲ್.ಗೆ ಬಂದಿತ್ತು, ಪೂರ್ತಿ ಹೋಗಿರಲಿಲ್ಲ. ಎರಡನೆಯ ಸಲ ಮತ್ತೆ ಹೈದರಾಬಾದಿಗೆ ಹೋಗಿ ಚುಚ್ಚಿಸಿಕೊಂಡೆ. ಆಮೇಲಿನ ಸ್ಕ್ಯಾನಿನಲ್ಲಿ ಆ ಜಾಗದಲ್ಲಿ ನೀರಿಲ್ಲದ ಒಂದು ತೆಳು ಗೆರೆ ಮಾತ್ರ ಕಂಡಿತು. ಎರಡು ಸಲದ ಖರ್ಚು, ಓಡಾಟ ಸೇರಿದರೂ ಶಸ್ತ್ರಚಿಕಿತ್ಸೆಗೆ ಹೇಳಿದ್ದಕ್ಕಿಂತ ಕಡಿಮೆಯೇ ಆಯಿತು. ಆದರೆ ನನ್ನ ಗಂಟು ಗುಣವಾಯಿತು ಎಂದು ನಾನು ಹೇಳುವುದಿಲ್ಲ. ಸದ್ಯಕ್ಕೆ ಬತ್ತಿದೆ ಎನ್ನುತ್ತೇನೆ. ಕೊಳವೆಯ ಉಳಿದ ಭಾಗ ಒಳಗೇ ಇದೆ, ಅದು ಎಂದಾದರೂ ಮತ್ತೆ ಎಚ್ಚರಗೊಳ್ಳಬಹುದು ಎಂಬುದನ್ನು ಒಪ್ಪಿಕೊಂಡೇ ನಾನು ಈ ದಾರಿ ಹಿಡಿದದ್ದು.

ನನ್ನಂಥ ಗಂಟಿಗಿಂತ ಸೂಜಿಯ ಚಿಕಿತ್ಸೆ ಹೆಚ್ಚು ಗಟ್ಟಿ ನೆಲದ ಮೇಲೆ ನಿಂತಿರುವುದು ಬೇರೆ ಎರಡು ಕಡೆ. ಒಂದು, ಥೈರಾಯ್ಡ್ ಗ್ರಂಥಿಯೊಳಗಿನ ನೀರುಗಂಟು. ಅದು ಕ್ಯಾನ್ಸರ್ ಅಲ್ಲವೆಂದು ಖಚಿತವಾಗಿ, ಹೀರಿದ ಮೇಲೂ ಮರಳಿ ತುಂಬಿ ತೊಂದರೆ ಕೊಡುತ್ತಿದ್ದರೆ ಎಥನಾಲನ್ನೇ ಮೊದಲ ಚಿಕಿತ್ಸೆಯಾಗಿ ಕೊಡಬಹುದೆಂದು ಯುರೋಪಿನ ಥೈರಾಯ್ಡ್ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ. ಗಟ್ಟಿ ಗಂಟುಗಳಿಗೆ ಎಥನಾಲ್ ಅಷ್ಟಾಗಿ ಹೊಂದುವುದಿಲ್ಲ. ಅವಕ್ಕೆ ಸೂಜಿಯ ತುದಿಯಿಂದ ಶಾಖ ಕೊಡುವ ರೇಡಿಯೋಫ್ರೀಕ್ವೆನ್ಸಿ ವಿಧಾನವಿದೆ. ಇನ್ನೊಂದು, ಎಳೆಯ ಮಕ್ಕಳ ಕುತ್ತಿಗೆಯಲ್ಲಿ ಹುಟ್ಟಿನಿಂದ ಬರುವ ದುಗ್ಧರಸದ (ಲಿಂಫ್) ಗಂಟು. ಹಳೆಯ ವೈದ್ಯರು ಅದನ್ನು ಸಿಸ್ಟಿಕ್ ಹೈಗ್ರೋಮಾ ಎನ್ನುತ್ತಾರೆ. ಅದು ಬೇರು ಬಿಟ್ಟಂತೆ ನರ, ರಕ್ತನಾಳಗಳ ಸಂದಿಯಲ್ಲೆಲ್ಲ ಹರಡಿರುವುದರಿಂದ ಪೂರ್ತಿ ಕತ್ತರಿಸಿ ತೆಗೆಯುವುದು ಬಹಳ ಕಷ್ಟ. 1987ರಲ್ಲಿ ಜಪಾನಿನ ಓಗಿತಾ ಮತ್ತು ಸಂಗಡಿಗರು ಓಕೆ-432 ಎಂಬ ಔಷಧವನ್ನು ಇಂಥ ಗಂಟಿನೊಳಗೆ ಚುಚ್ಚಿ ಬತ್ತಿಸಿದ್ದನ್ನು ವರದಿ ಮಾಡಿದರು. ಗಂಟಲುನೋವಿನ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾವನ್ನು ಪೆನಿಸಿಲಿನ್‌ನಿಂದ ನಿಷ್ಕ್ರಿಯಗೊಳಿಸಿ ಮಾಡಿದ ಔಷಧ ಅದು; ಆದ್ದರಿಂದ ಪೆನಿಸಿಲಿನ್ ಒಗ್ಗದವರಿಗೆ ಕೊಡುವಂತಿಲ್ಲ, ಕೊಟ್ಟ ಮೇಲೆ ಕೆಲವು ದಿನ ಜ್ವರ ಬರುವುದು ನಿರೀಕ್ಷಿತ. ನಮ್ಮ ದೇಶದಲ್ಲಿ ಬ್ಲಿಯೋಮೈಸಿನ್ ಎಂಬ ಔಷಧವನ್ನು ಹೆಚ್ಚು ಬಳಸುತ್ತಾರೆ. ಅದರ ಒಟ್ಟು ಪ್ರಮಾಣ ಮಿತಿ ಮೀರಿದರೆ ಪುಪ್ಪುಸಕ್ಕೆ ಹಾನಿಯಾಗುವುದರಿಂದ ಪ್ರತಿ ಸಲದ ಲೆಕ್ಕ ಇಡಬೇಕು. ದೊಡ್ಡ ದೊಡ್ಡ ಕೋಣೆಗಳಿರುವ ಗಂಟುಗಳಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ, ಜೇನುಗೂಡಿನಂತೆ ಸಣ್ಣ ಕೋಣೆಗಳಿದ್ದರೆ ಫಲ ಕಡಿಮೆ.

ಈಗ ನಮ್ಮ ಸೋದರಮಾವನ ವಿಷಯ. ಅವರು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವರು, ಅರವತ್ತರ ಹತ್ತಿರದ ವಯಸ್ಸು, ನಲವತ್ತು ವರ್ಷದಿಂದ ಸುಣ್ಣ ತಂಬಾಕು ತಿಂದವರು. ಕಳೆದ ಬೇಸಿಗೆಯಲ್ಲಿ ಅವರ ಕುತ್ತಿಗೆಯ ಎಡಪಕ್ಕದಲ್ಲಿ, ದವಡೆಯ ಮೂಲೆಯ ಕೆಳಗೆ, ನಿಂಬೆಹಣ್ಣಿನ ಗಾತ್ರದ ಮೆತ್ತನೆಯ ಗಂಟು ಬಂತು. ನನ್ನ ಕಥೆ ಕೇಳಿದ್ದ ಅವರು ಫೋನ್ ಮಾಡಿ, "ನಿಂಗ ಮಾಡ್ಯಾರಲ್ಲ, ಅದೇ ಸ್ಪಿರಿಟ್ ಇಂಜೆಕ್ಷನ್ ನಂಗೂ ಮಾಡಿಸಿಬಿಡು" ಎಂದರು. ನೀರು ತುಂಬಿದ ಗಂಟು ತಾನೇ ಎಂದು ನಾನೂ ಹಗುರವಾಗಿ ಎಣಿಸಿ ಅದೇ ಗಂಟಲು ವೈದ್ಯರ ಬಳಿ ಕರೆದುಕೊಂಡು ಹೋದೆ.

ಆ ವೈದ್ಯರ ಮುಖ ಗಂಭೀರವಾಯಿತು. ಇಪ್ಪತ್ತರ ಹರೆಯದವರ ಕುತ್ತಿಗೆಯ ಪಕ್ಕದಲ್ಲಿ ಇಂಥ ಗಂಟು ಬಂದರೆ ಅದು ಹೆಚ್ಚಾಗಿ ಹುಟ್ಟಿನಿಂದ ಉಳಿದ ಬ್ರಾಂಕಿಯಲ್ ಸಿಸ್ಟ್. ನಲವತ್ತು ದಾಟಿದವರಲ್ಲಿ ಬಂದರೆ ಬೇರೆಯೆಂದು ರುಜುವಾತಾಗುವವರೆಗೆ ಕ್ಯಾನ್ಸರ್ ಎಂದೇ ತಿಳಿದು ಪರೀಕ್ಷಿಸಬೇಕು ಎಂದರು. ಟಾನ್ಸಿಲ್‌ನಲ್ಲೋ ನಾಲಿಗೆಯ ಬುಡದಲ್ಲೋ ಥೈರಾಯ್ಡಿನಲ್ಲೋ ಇರುವ ಸಣ್ಣ ಕ್ಯಾನ್ಸರ್ ಕುತ್ತಿಗೆಯ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹರಡಿ, ಆ ಗ್ರಂಥಿಯ ಒಳಭಾಗ ಕರಗಿ ನೀರಾಗಿ, ನೋಡಲು ಸ್ಕ್ಯಾನಿನಲ್ಲಿಯೂ ಸಾದಾ ನೀರುಗಂಟಿನಂತೆಯೇ ಕಾಣಬಲ್ಲದು. ವಯಸ್ಕರ ಕುತ್ತಿಗೆಯ ಗಂಟಿನ ಬಗ್ಗೆ ಅಮೆರಿಕದ ಗಂಟಲು ತಜ್ಞರ ಸಂಘ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಗಂಟಿನಲ್ಲಿ ನೀರಿದೆ ಎಂಬ ಕಾರಣಕ್ಕೆ ಅದನ್ನು ನಿರಪಾಯಕಾರಿ ಎಂದು ಭಾವಿಸದೆ, ಕಾರಣ ಸಿಗುವವರೆಗೆ ಹುಡುಕಬೇಕೆಂದು ಹೇಳುತ್ತದೆ. ಮಾವನ ಗಂಟಿನ ಗೋಡೆ ಒಂದು ಕಡೆ ದಪ್ಪವಾಗಿತ್ತು. ಅಲ್ಲಿಂದಲೇ ತೆಗೆದ ಜೀವಕೋಶಗಳಲ್ಲಿ ಕ್ಯಾನ್ಸರ್ ಕಂಡಿತು. ಮೂಲ ಎಡ ಟಾನ್ಸಿಲ್‌ನಲ್ಲಿತ್ತು. ಅವರಿಗೆ ಅಲ್ಲಿಯವರೆಗೆ ಗಂಟಲು ಒಂದು ದಿನವೂ ನೊಂದಿರಲಿಲ್ಲ.

ಆ ಗಂಟಿಗೆ ಯಾರಾದರೂ ನಮ್ಮ ಮಾತು ಕೇಳಿ ಎಥನಾಲ್ ಚುಚ್ಚಿದ್ದರೆ ಅದು ಕೆಲವು ವಾರ ಕುಗ್ಗಿದಂತೆಯೂ ಕಾಣಬಹುದಿತ್ತು, ನಾವೆಲ್ಲ ಸಮಾಧಾನಪಟ್ಟುಕೊಂಡು ತಿಂಗಳುಗಳನ್ನು ಕಳೆದುಕೊಳ್ಳುತ್ತಿದ್ದೆವು. ಮಾವನಿಗೆ ವಿಕಿರಣ ಚಿಕಿತ್ಸೆ, ಕೀಮೋ ಮುಗಿದಿವೆ. ಬಾಯಿ ಒಣಗುತ್ತದೆ, ಖಾರ ತಿನ್ನಲಾಗದು, ಸಜ್ಜೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾರೆ. ತಂಬಾಕಿನ ಚೀಲ ಮನೆಯಿಂದ ಹೊರಗೆ ಹೋಗಿದೆ. ಕಲಬುರಗಿಯಲ್ಲಿಯೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ ಎಂಬುದು ನಮ್ಮ ಭಾಗದ ಎಷ್ಟೋ ಹಳ್ಳಿಗಳಿಗೆ ಇನ್ನೂ ತಲುಪಿಲ್ಲವಾದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಇನ್ನೊಂದು ರೋಗವೂ ಕುತ್ತಿಗೆಯ ನೀರುಗಂಟಿನ ವೇಷದಲ್ಲಿ ಬರುತ್ತದೆ, ಅದು ಗ್ರಂಥಿಗಳ ಕ್ಷಯ. ಹಿರಿಯರು ಗಂಡಮಾಲೆ ಎನ್ನುತ್ತಿದ್ದುದು ಹೆಚ್ಚಾಗಿ ಇದನ್ನೇ. ನನ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಕುತ್ತಿಗೆಯಲ್ಲಿ ಹಾಗೊಂದು ಮೆತ್ತನೆಯ ಗಂಟಿತ್ತು, ಅದರ ಸುತ್ತ ಬರೆಯ ನಾಲ್ಕು ಕಲೆಗಳೂ ಇದ್ದವು. ಇಂಥ ತಣ್ಣನೆಯ ಬಾವನ್ನು ಕೊಯ್ದು ಬಿಟ್ಟರೆ ತಿಂಗಳುಗಟ್ಟಲೆ ಸೋರುವ ಗಾಯವಾಗುತ್ತದೆ. ಹೀರಲೇಬೇಕಾದರೆ ಆರೋಗ್ಯವಾದ ಚರ್ಮದ ಕಡೆಯಿಂದ ಓರೆಯಾಗಿ ಸೂಜಿ ಹಾಕುತ್ತಾರೆ. ಹೀರಿದ್ದನ್ನು ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿದರೆ ಕೆಲವೇ ತಾಸುಗಳಲ್ಲಿ ಕ್ಷಯ ಹೌದೋ ಅಲ್ಲವೋ ಗೊತ್ತಾಗುತ್ತದೆ. ಅವಳಿಗೆ ಸರ್ಕಾರಿ ಆಸ್ಪತ್ರೆಯ ಉಚಿತ ಗುಳಿಗೆ ಆರು ತಿಂಗಳು ನಡೆದವು, ಗಂಟು ಕರಗಿತು. ಬರೆಯ ಕಲೆಗಳು ಉಳಿದಿವೆ.

ಆದ್ದರಿಂದ ಯಾರಾದರೂ ನನ್ನ ಬಳಿ "ಎಲ್ಲಿ ಮಾಡಿಸಿದ್ರಿ, ನಂಬರ್ ಕೊಡ್ರಿ" ಎಂದು ಬಂದರೆ ನಾನು ಮೊದಲು ಅವರ ಕೈಯಲ್ಲಿರುವ ಕಾಗದಗಳನ್ನು ನೋಡುತ್ತೇನೆ. ಅಲ್ಟ್ರಾಸೌಂಡಿನ ವರದಿ ಇದೆಯೇ, ಅದರಲ್ಲಿ ಥೈರಾಯ್ಡ್ ಬಗ್ಗೆ ಬರೆದಿದ್ದಾರೆಯೇ, ಎಫ್‌ಎನ್‌ಎಸಿ ಆಗಿದೆಯೇ, ಗಂಟು ನಡುವಿನಲ್ಲಿದೆಯೋ ಪಕ್ಕದಲ್ಲೋ, ವಯಸ್ಸೆಷ್ಟು ಎಂದು ಕೇಳುತ್ತೇನೆ. ಅಲ್ಟ್ರಾಸೌಂಡ್, ಎಫ್‌ಎನ್‌ಎಸಿ ಎರಡೂ ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಂಥಲ್ಲಿ ಆಗುವ ಪರೀಕ್ಷೆಗಳೇ. ಅದಕ್ಕಾಗಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಬೇಕಾಗಿಲ್ಲ. ಕಾಗದ ಇಲ್ಲದವರಿಗೆ ನಂಬರ್ ಕೊಡುವುದಿಲ್ಲ, ಗಂಟಲು ವೈದ್ಯರ ಹೊರರೋಗಿ ವಿಭಾಗದ ದಾರಿ ತೋರಿಸುತ್ತೇನೆ. ಕಾಗದ ಇದ್ದವರಿಗೆ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕುವ ಮೊದಲು ನಾನು ಕೇಳಿದ ಪ್ರಶ್ನೆಯನ್ನೇ ಕೇಳಲು ಹೇಳುತ್ತೇನೆ. ಕಳೆದ ತಿಂಗಳು ಹುಮನಾಬಾದಿನಿಂದ ಬಂದ ಹುಡುಗಿಯೊಬ್ಬಳು ಕೇಳಿದಳು. ಅವಳ ವೈದ್ಯರು ಅವಳ ಗಂಟಿಗೆ ಸೂಜಿಗಿಂತ ಶಸ್ತ್ರಚಿಕಿತ್ಸೆಯೇ ಒಳ್ಳೆಯದೆಂದು ಕಾರಣ ಸಮೇತ ಹೇಳಿದರಂತೆ. ಎರಡು ಸಲ ಸೋಂಕಾಗಿ ಚರ್ಮಕ್ಕೆ ತೂತು ಬಿದ್ದಿದ್ದ ಗಂಟು ಅದು. ಅವಳು ನೆಮ್ಮದಿಯಿಂದ ಆಪರೇಷನ್ ಮಾಡಿಸಿಕೊಂಡಳು.

ನನ್ನ ವರದಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಅಲಮಾರಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದೇನೆ. ಎಂದಾದರೂ ಗಂಟು ಮರಳಿದರೆ ಮುಂದಿನ ವೈದ್ಯರಿಗೆ ಒಳಗೆ ಏನು, ಎಷ್ಟು ಚುಚ್ಚಲಾಗಿತ್ತು ಎಂಬುದು ಮೊದಲು ಬೇಕಾಗುತ್ತದೆ. ಈ ಸಲದ ಎಳ್ಳಮಾವಾಸ್ಯೆಗೆ ಮಾವನನ್ನೂ ಹೊಲಕ್ಕೆ ಕರೆದಿದ್ದೇವೆ. ನನ್ನ ಮುಂದಿನ ಸ್ಕ್ಯಾನ್ ಅದರ ಮರುವಾರಕ್ಕೆ ಇದೆ, ಅವರ ತಪಾಸಣೆಯೂ ಅದೇ ವಾರ; ಇಬ್ಬರೂ ಒಂದೇ ದಿನ ಹೋಗಿ ಬರುವುದೆಂದು ಮಾತಾಗಿದೆ.